ಕೈಮಾತಿಗೊಂದು ತಂತಿ

ಅವಳ ನಿಜವಾದ ಹೆಸರು ಡಿಪೋದ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಡ್ರೈವರುಗಳು, ಮೆಕ್ಯಾನಿಕ್ಕುಗಳು, ದಿನವೂ ಅದೇ ಬಸ್ಸು ಹತ್ತುವವರು, ಎಲ್ಲರಿಗೂ ಅವಳು ಯಾಕಮ್ಮ. ಬಾಯಿ ಬಿಟ್ಟರೆ 'ಯಾಕೆ' ಅನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಬಸ್ಸಿನ ಹಿಂದಿನ ಚಕ್ರ ಜೋಡಿ ಯಾಕೆ, ಮುಂದಿನದು ಒಂಟಿ ಯಾಕೆ? ಒಬ್ಬರು ಆಕಳಿಸಿದರೆ ಸೀಟಿನ ಸಾಲಿಡೀ ಆಕಳಿಸುವುದು ಯಾಕೆ? ಉತ್ತರ ಸಿಗಲಿಲ್ಲವೆಂದು ಕೊರಗುವವಳಲ್ಲ ಅವಳು. ಪ್ರಶ್ನೆಯನ್ನು ಚಿಲ್ಲರೆಯ ಜೊತೆ ಕಂಡಕ್ಟರಿನ ಚರ್ಮದ ಚೀಲದಲ್ಲಿ ಹಾಕಿಟ್ಟುಕೊಂಡು, ಉತ್ತರ ಗೊತ್ತಿರುವ ಮನುಷ್ಯ ಬಸ್ಸು ಹತ್ತುವವರೆಗೆ ಕಾಯುತ್ತಿದ್ದಳು. ಹತ್ತಿದ ಮೇಲೆ ಅವನಿಗೆ ಇಳಿಯುವ ತನಕ ಬಿಡುಗಡೆಯಿರಲಿಲ್ಲ.

ಮನೆಯಲ್ಲಿದ್ದವರು ಇಬ್ಬರೇ, ಅವಳು ಮತ್ತು ಅವಳ ಅಕ್ಕ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಬೀದಿಯ ಕೊನೆಯ ಛಾಪಖಾನೆಯಲ್ಲಿ ಬೈಂಡಿಂಗ್ ಕೆಲಸ ಅವಳದು. ಹಾಳೆ ಮಡಿಸುವುದು, ದಬ್ಬಣದಿಂದ ತೂತು ಹಾಕಿ ದಾರ ಹೊಲಿಯುವುದು, ಬೆನ್ನಿಗೆ ಅಂಟು ಬಳಿಯುವುದು. ಉಗುರಿನ ಸಂದಿಯಲ್ಲಿ ಯಾವಾಗಲೂ ಅಂಟಿನ ಒಣಪೊರೆ ಇರುತ್ತಿತ್ತು. ಸಂಜೆ ಬಂದವಳು ಅದನ್ನು ಸುಲಿಯುತ್ತ ಕಿಟಕಿಯ ಬಳಿ ಕೂರುವುದು ರೂಢಿ.

ಅಕ್ಕ ತಂಗಿ ಮಾತಾಡುತ್ತಿದ್ದುದು ಕೈಯಲ್ಲಿ. ಆ ಕೈಮಾತನ್ನು ಚಿಕ್ಕಂದಿನಲ್ಲಿ ಅವರೇ ಕಟ್ಟಿಕೊಂಡಿದ್ದರು. ಅಂಗೈ ಮೇಲೆ ಐದು ಬೆರಳು ಕೂಡಿಸಿದರೆ ಊಟ, ಗಾಳಿಯಲ್ಲಿ ಹಗ್ಗ ಎಳೆದರೆ ಬಸ್ಸು, ಎರಡೂ ಕೆನ್ನೆ ಉಬ್ಬಿಸಿದರೆ ಮಹಡಿ ಮನೆಯ ಮಾಲೀಕ. ಇಷ್ಟರಲ್ಲೇ ಸಂಸಾರ ಸಲೀಸಾಗಿ ನಡೆದಿತ್ತು. ಅಂಗಡಿಗೆ ಹೋದರೂ ಡಾಕ್ಟರ ಹತ್ತಿರ ಹೋದರೂ ಅಕ್ಕನ ಮಾತನ್ನು ಬಾಯಿಗೆ ತರುವುದು ಯಾಕಮ್ಮನ ಕೆಲಸ. ಅಕ್ಕನ ಮನಸ್ಸಿನಲ್ಲಿ ಇರುವುದೆಲ್ಲ ತನಗೆ ಗೊತ್ತು ಎಂದು ಅವಳು ನಂಬಿದ್ದಳು. ಲೋಕದ ಎಲ್ಲದರ ಬಗ್ಗೆ 'ಯಾಕೆ' ಎಂದವಳು ಇದೊಂದರ ಬಗ್ಗೆ ಕೇಳಿರಲಿಲ್ಲ.

ಈ ಕತೆ ಶುರುವಾದದ್ದು ಒಂದು ಮಧ್ಯಾಹ್ನದ ಟ್ರಿಪ್ಪಿನಲ್ಲಿ. ಬಸ್ಸು ಅರ್ಧ ಖಾಲಿಯಿತ್ತು. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರು ಕೂತು ಕೈಯಲ್ಲಿ ಮಾತಾಡುತ್ತಿದ್ದರು. ಯಾಕಮ್ಮ ಟಿಕೆಟ್ ಹರಿಯುವುದನ್ನೂ ಮರೆತು ನೋಡುತ್ತ ನಿಂತಳು. ಅವರ ಕೈಗಳಲ್ಲಿ ಅವಳಿಗೆ ಗೊತ್ತಿದ್ದ ಒಂದು ಸನ್ನೆಯೂ ಕಾಣಲಿಲ್ಲ. ತನಗೆ ಬಂದಂತೆ ಕೈಯಾಡಿಸಿ, ಮನೆಯಲ್ಲಿ ಅಕ್ಕ ಇದ್ದಾಳೆ, ಅವಳಿಗೂ ಕಿವಿ ಕೇಳುವುದಿಲ್ಲ ಎಂದು ತಿಳಿಸಿದಳು. ಹೆಂಗಸು ನಕ್ಕು, ಚೀಲದಿಂದ ಪೆನ್ನು ತೆಗೆದು, ಟಿಕೆಟ್ಟಿನ ಬೆನ್ನಿನ ಮೇಲೆ 'ಯಾವ ಶಾಲೆ?' ಎಂದು ಬರೆದಳು.

ಅಕ್ಕ ಹುಡುಗಿಯಾಗಿದ್ದಾಗ ದೂರದ ಊರಿನ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕೆಲವು ವರ್ಷ ಹಾಸ್ಟೆಲಿನಲ್ಲಿದ್ದು ಓದಿದ್ದಳು. ತಾಯಿ ಹಾಸಿಗೆ ಹಿಡಿದಾಗ ಮನೆಗೆ ಕರೆಸಿಕೊಂಡವರು ತಿರುಗಿ ಕಳಿಸಲಿಲ್ಲ. ಯಾಕಮ್ಮ ಶಾಲೆಯ ಹೆಸರು ಬರೆದಳು. ಹೆಂಗಸಿನ ಹುಬ್ಬು ಮೇಲೇರಿತು. ಅದೇ ಶಾಲೆಯಲ್ಲಿ ಓದಿದವರೊಬ್ಬರು ತಮಗೆ ಬಳಕೆ, ಈಗ ಇನ್ನೊಂದು ಊರಿನಲ್ಲಿದ್ದಾರೆ ಎಂದು ಬರೆದಳು. ಅವರ ಗುರುತಿಗೆಂದು ಎರಡು ಬೆರಳಿನ ತುದಿಯನ್ನು ಕೆನ್ನೆಗೆ ಒತ್ತಿ ತಿರುಗಿಸಿದಳು. ಆಮೇಲೆ ಇನ್ನೂ ಎರಡು ಸಾಲು ಬರೆದಳು: ಭಾನುವಾರ ಮಧ್ಯಾಹ್ನ ಅವರೆಲ್ಲ ಕಂಪ್ಯೂಟರಿನ ಕ್ಯಾಮೆರಾ ಮುಂದೆ ಕೂತು ಕೈಮಾತಾಡುತ್ತಾರೆ, ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೆ ಸಾಕು. ಕೆಳಗೊಂದು ಇಮೇಲ್ ವಿಳಾಸ.

ಮನೆಗೆ ಬಂದ ಯಾಕಮ್ಮ ಚಪ್ಪಲಿಯನ್ನೂ ಬಿಡದೆ ಅಕ್ಕನ ಮುಂದೆ ನಿಂತು, ಆ ಹೆಂಗಸು ಮಾಡಿದ ಹಾಗೆಯೇ ಎರಡು ಬೆರಳು ಕೆನ್ನೆಗೊತ್ತಿ ತಿರುಗಿಸಿದಳು. ಅಂಟು ಸುಲಿಯುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಅವಳೂ ಅದೇ ಸನ್ನೆಯನ್ನು ನಿಧಾನವಾಗಿ ಮಾಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದ ಆ ಹುಡುಗಿ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು. ಗುಳಿಕೆನ್ನೆ. ಎಷ್ಟೋ ವರ್ಷದಿಂದ ಅಕ್ಕ ಆ ಹೆಸರನ್ನು ಯಾರ ಮುಂದೆಯೂ ಕೈಯಾರೆ ಆಡಿರಲಿಲ್ಲ.

ಆಗಿನ್ನೂ ಮೊಬೈಲಿನಲ್ಲಿ ಮುಖ ಕಾಣುವ ಕಾಲ ಬಂದಿರಲಿಲ್ಲ. ಮನೆಯಲ್ಲಿ ಟೆಲಿಫೋನು ಇತ್ತು, ಆದರೆ ಅಕ್ಕನ ಪಾಲಿಗೆ ಅದು ಮೇಜಿನ ಮೇಲೆ ಕೂತ ಕಲ್ಲು. ಯಾಕಮ್ಮ ಹಟಕ್ಕೆ ಬಿದ್ದಳು. ಡಿಪೋದ ಗುಮಾಸ್ತನ ಭಾವಮೈದ ಕೆಲಸ ಮಾಡುವ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುತ್ತಿದ್ದರು. ಅದರಲ್ಲಿ ಒಂದು ಆಟೋದಲ್ಲಿ ಮನೆಗೆ ಬಂತು. ಬದಿಯಲ್ಲಿ 'ಎರಡನೇ ಮಹಡಿ' ಎಂಬ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಕ್ಯಾಮೆರಾ ಬೇರೆ ಕೊಂಡು ತಂದದ್ದಾಯಿತು. ಬ್ರಾಡ್‌ಬ್ಯಾಂಡಿಗೆ ಅರ್ಜಿ ಹಾಕಿದ್ದಾಯಿತು.

ಲೈನ್‌ಮನ್ ಬಂದವನು ಒಳ್ಳೆಯ ಕೆಲಸಗಾರ. ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ತಂತಿ ಇಳಿಸಿ, ಫೋನಿಗೊಂದು ಮೋಡೆಮಿಗೊಂದು ಎಂದು ಲೈನನ್ನು ಕವಲೊಡೆಸುವ ಪುಟ್ಟ ಡಬ್ಬಿ ಸಿಕ್ಕಿಸಿ, ಮೋಡೆಮಿನಿಂದ ಕಂಪ್ಯೂಟರಿನ ಬೆನ್ನಿಗೆ ನೀಲಿ ಕೇಬಲ್ ಚುಚ್ಚಿದ. ಯಾಕಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಫೋನ್ ಮಾಡುವಾಗಲೂ ಇಂಟರ್ನೆಟ್ ನಿಲ್ಲುವುದಿಲ್ಲ ಯಾಕೆ ಎಂದರೆ ಎರಡೂ ಒಂದೇ ತಂತಿಯಲ್ಲಿ ಬೇರೆ ಬೇರೆ ಸ್ವರದಲ್ಲಿ ಹೋಗುತ್ತವೆ ಎಂದ. ಮೋಡೆಮಿನ ಮೇಲೆ ಹಸಿರು ದೀಪಗಳು ಸಾಲಾಗಿ ಹತ್ತಿಕೊಂಡವು. ತನ್ನ ಕೆಲಸ ದೀಪದವರೆಗೆ, ಕಂಪ್ಯೂಟರಿನ ಹೊಟ್ಟೆಯೊಳಗಿನದು ತನಗೆ ಸಂಬಂಧವಿಲ್ಲ ಎಂದು ಹೇಳಿ ಸೈಕಲ್ ಹತ್ತಿದ.

ದೀಪ ಹತ್ತಿತ್ತು ಅಷ್ಟೇ. ಯಾವ ಪುಟ ತೆರೆಯಲು ಹೋದರೂ ತೆರೆಯಲು ಆಗುತ್ತಿಲ್ಲ ಎಂಬ ಬಿಳಿ ಹಾಳೆ ಬಂದು ನಿಲ್ಲುತ್ತಿತ್ತು. ಪರದೆಯ ಕೆಳಗಿನ ಮೂಲೆಯ ಚಿತ್ರ ಮಾತ್ರ 'ಕನೆಕ್ಟೆಡ್' ಎಂದು ಹೇಳುತ್ತಲೇ ಇತ್ತು. ಯಾಕಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಜೋಡಣೆಯಾಗಿದೆ ಎಂದು ಅದೇ ಹೇಳುತ್ತದೆ, ಆಗುವುದಿಲ್ಲ ಎಂದೂ ಅದೇ ಹೇಳುತ್ತದೆ. ಎರಡರಲ್ಲಿ ಸುಳ್ಳು ಯಾವುದು?

ಆ ವಾರ ಅವಳದು ಬೆಳಗಿನ ಪಾಳಿ. ಮಧ್ಯಾಹ್ನ ಊಟ ಮುಗಿಸಿ ಸಹಾಯವಾಣಿಗೆ ಫೋನ್ ಹಚ್ಚಿದಳು. ಮೊದಲು ಸಿಕ್ಕಿದ ಗಂಡಸು ಮೋಡೆಮ್ ಆರಿಸಿ ಹಚ್ಚಿ ಎಂದ. ಆರಿಸಿ ಹಚ್ಚಿದಳು. ಕೇಬಲ್ ಬಿಗಿಯಾಗಿದೆಯಾ ನೋಡಿ ಎಂದ. ಕಿತ್ತು ಮತ್ತೆ ಚುಚ್ಚಿದಳು. ಯಾಕೆ ಆರಿಸಿ ಹಚ್ಚಬೇಕು ಎಂದು ಕೇಳುವಷ್ಟರಲ್ಲಿ ಅವನು ಧನ್ಯವಾದ ಹೇಳಿ ಇಟ್ಟಿದ್ದ. ಮರುದಿನ ಇನ್ನೊಬ್ಬ, ಅದೇ ಪಾಠ. ಅದರ ಮರುದಿನ ಒಬ್ಬಳು ಹೆಂಗಸು ಸಿಕ್ಕಿದಳು. ಗಂಟಲು ಸ್ವಲ್ಪ ಒಡೆದಂತಿತ್ತು, ಬೆಳಗಿನಿಂದ ಮಾತಾಡಿ ಸವೆದ ದನಿ. ಯಾಕಮ್ಮನಿಗೆ ಆ ದನಿಯ ಗುರುತು ಹತ್ತಿತು. ಕೊನೆಯ ಟ್ರಿಪ್ಪಿನಲ್ಲಿ ತನ್ನ ದನಿಯೂ ಹಾಗೆಯೇ ಇರುತ್ತದೆ.

ಆ ಹೆಂಗಸು ಆರಿಸಿ ಹಚ್ಚುವ ಮಾತೆತ್ತಲಿಲ್ಲ. ಕಂಪ್ಯೂಟರ್ ಹೊಸದೋ ಹಳೆಯದೋ ಎಂದು ಕೇಳಿದಳು. ಕಚೇರಿಯದೆಂದು ತಿಳಿದ ಮೇಲೆ, ತಾನು ಹೇಳಿದ ಕಡೆಯೆಲ್ಲ ಒತ್ತುತ್ತ ಬರಬೇಕು, ಪರದೆಯ ಮೇಲೆ ಕಂಡದ್ದನ್ನು ಓದಿ ಹೇಳಬೇಕು ಎಂದಳು. ಕಂಟ್ರೋಲ್ ಪ್ಯಾನೆಲ್ ತೆರೆದದ್ದಾಯಿತು, ಅದರೊಳಗೆ ನೆಟ್‌ವರ್ಕ್ ಕನೆಕ್ಷನ್ಸ್, ಅದರೊಳಗೆ ಎರಡು ಪುಟ್ಟ ಕಂಪ್ಯೂಟರುಗಳ ಚಿತ್ರ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಪ್ರಾಪರ್ಟೀಸ್, ಅಲ್ಲಿಂದ ಇಂಟರ್ನೆಟ್ ಪ್ರೋಟೊಕಾಲ್ ಎಂಬ ಸಾಲು. ಯಾಕಮ್ಮನ ಒಂದು ಕೈಯಲ್ಲಿ ರಿಸೀವರು, ಇನ್ನೊಂದರಲ್ಲಿ ಮೌಸು. ಅಕ್ಕ ಛಾಪಖಾನೆಯಿಂದ ಊಟಕ್ಕೆ ಬಂದವಳು ಕುರ್ಚಿಯ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದಳು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು. ಕೊನೆಗೆ ತೆರೆದ ಪೆಟ್ಟಿಗೆಯ ತುಂಬ ಅಂಕಿಗಳಿದ್ದವು.

"ಓದಿ ಅಮ್ಮಾ," ಎಂದಳು ಆ ಹೆಂಗಸು.

"ಹತ್ತು, ಚುಕ್ಕೆ, ಸೊನ್ನೆ, ಚುಕ್ಕೆ, ಸೊನ್ನೆ, ಚುಕ್ಕೆ, ನಲವತ್ತೇಳು."

"ಅದು ನಿಮ್ಮನೆ ನಂಬರ್ ಅಲ್ಲ. ಆ ಆಫೀಸಲ್ಲಿ ಇದಕ್ಕೆ ಕೊಟ್ಟಿದ್ದ ನಂಬರ್. ಯಾರೋ ಕೈಯಾರೆ ಬರೆದಿಟ್ಟಿದ್ದಾರೆ, ಯಾರೂ ಅಳಿಸಿಲ್ಲ. ನಿಮ್ಮ ಕಂಪ್ಯೂಟರ್ ಇನ್ನೂ ಆ ಆಫೀಸಲ್ಲೇ ಇದೀನಿ ಅಂದ್ಕೊಂಡಿದೆ."

ಯಾಕಮ್ಮ ಕಂಪ್ಯೂಟರಿನ ಕಡೆ ನೋಡಿದಳು, ಬದಿಯ ಚೀಟಿಯ ಕಡೆ ನೋಡಿದಳು. "ಮತ್ತೆ ಕನೆಕ್ಟೆಡ್ ಅಂತ ಯಾಕೆ ಹೇಳುತ್ತೆ?"

"ಕೇಬಲ್ ಸಿಕ್ಕಿಸಿದೆಯಲ್ಲ, ಅದಕ್ಕೆ ಅಷ್ಟೇ ಗೊತ್ತು. ಹೊರಗೆ ಹೋಗೋಕೆ ಹಳೇ ಆಫೀಸಿನ ಬಾಗಿಲು ಹುಡುಕ್ತಿದೆ. ನಿಮ್ಮನೇಲಿ ಆ ಬಾಗಿಲು ಎಲ್ಲಿದೆ?"

ಹಾಗಾದರೆ ಎರಡೂ ಮಾತು ನಿಜ. ಯಾಕಮ್ಮನಿಗೆ ಮೈಯೆಲ್ಲ ಹಗುರಾಯಿತು. ಮುಂದೆ ಏನು ಎಂದಳು. ಮೇಲಿನ ಗುಂಡಿಯಲ್ಲಿರುವ ಚುಕ್ಕೆಯನ್ನು 'ಆಟೊಮ್ಯಾಟಿಕ್' ಎಂಬ ಸಾಲಿಗೆ ಬದಲಾಯಿಸಿ, ಆಗ ಮೋಡೆಮೇ ಅದಕ್ಕೊಂದು ಹೊಸ ನಂಬರ್ ಕೊಡುತ್ತದೆ ಎಂದು ಆ ಹೆಂಗಸು ಹೇಳಿದಳು. ಯಾಕಮ್ಮ ಒತ್ತಿದಳು. ಹತ್ತು ಸೊನ್ನೆ ಸೊನ್ನೆ ನಲವತ್ತೇಳು ಮಾಯವಾಯಿತು. ಆಮೇಲೆ ಕೆಳಗಡೆ ಇನ್ನೊಂದು ಇದೆ ನೋಡಿ ಎಂದು ಆಕೆ ಶುರುಮಾಡುವುದಕ್ಕೂ, ಯಾಕಮ್ಮ ಖುಷಿಗೆ ಕುರ್ಚಿ ಸರಿಸಿ ಏಳುವುದಕ್ಕೂ ಸರಿಹೋಯಿತು. ಕುರ್ಚಿಯ ಕಾಲಿಗೆ ಫೋನಿನ ವೈರು ಸಿಕ್ಕಿ ಗೋಡೆಯಿಂದ ಕಿತ್ತು ಬಂತು. ದನಿ ನಿಂತುಹೋಯಿತು.

ವೈರು ಮತ್ತೆ ಸಿಕ್ಕಿಸಿ ಫೋನ್ ಮಾಡಿದರೆ ಸಾಲಿನಲ್ಲಿ ಕಾಯಿರಿ ಎಂಬ ಸಂಗೀತ. ಯಾಕಮ್ಮ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಪೆಟ್ಟಿಗೆಗಳನ್ನು ಮುಚ್ಚಿ, ಪುಟ ತೆರೆದು ನೋಡಿದಳು. ಅದೇ ಬಿಳಿ ಹಾಳೆ. ಹೊಸ ನಂಬರ್ ಬಂದಿತ್ತು, ಪುಟ ಮಾತ್ರ ಬಂದಿರಲಿಲ್ಲ. ಅವಳು ಕೈಚೆಲ್ಲಿ ಕೂತಳು. ಸಂಗೀತ ಒಮ್ಮೆ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ಆಗ ಹಿಂದಿನಿಂದ ಒಂದು ಕೈ ಚಾಚಿ ಬಂತು. ಅಕ್ಕ ತೋರುಬೆರಳಿನಿಂದ ಪರದೆಯ ಕೆಳಭಾಗವನ್ನು ಕುಟ್ಟಿದಳು. ದಿನವಿಡೀ ಅಚ್ಚಾದ ಹಾಳೆಗಳಲ್ಲಿ ಅಂಕಿ ತಲೆಕೆಳಗಾಗಿದೆಯೇ, ಪುಟ ಬಿಟ್ಟುಹೋಗಿದೆಯೇ ಎಂದು ನೋಡುವ ಕಣ್ಣು ಅದು. ಯಾಕಮ್ಮ ಫೋನಿನಲ್ಲಿ ಮಾತಾಡುತ್ತಿದ್ದ ಹೊತ್ತೆಲ್ಲ ಅವಳಿಗೆ ಕೇಳಿಸಿದ್ದು ಏನೂ ಇಲ್ಲ, ಕಂಡದ್ದು ಪೂರ್ತಿ. ಪೆಟ್ಟಿಗೆ ಮತ್ತೆ ತೆರೆ ಎಂದು ಕೈಸನ್ನೆ ಮಾಡಿದಳು. ತೆರೆದ ಮೇಲೆ, ಮೇಲಿನ ಅರ್ಧದಲ್ಲಿ ಅಂಕಿಗಳು ಹೋಗಿವೆ ನೋಡು, ಕೆಳಗಿನ ಅರ್ಧದಲ್ಲಿ ಇನ್ನೂ ಇವೆ ನೋಡು ಎಂದು ತೋರಿಸಿದಳು. ಇನ್ನೊಂದನ್ನೂ ತೋರಿಸಿದಳು. ಕೆಳಗಿನ 'ಆಟೊಮ್ಯಾಟಿಕ್' ಸಾಲು ಮೊದಲು ಮಂಕಾಗಿತ್ತು, ಈಗ ಕಪ್ಪಗೆ ಎದ್ದು ಕಾಣುತ್ತಿದೆ.

ಯಾಕಮ್ಮನಿಗೆ ಆ ಕೆಳಗಿನ ಅಂಕಿಗಳ ತಲೆಬುಡ ತಿಳಿಯದು. ಮುಟ್ಟಿದರೆ ಏನಾಗುತ್ತದೋ ಎಂದು ಹಿಂಜರಿದಳು. ಅಕ್ಕ ಕಾಯಲಿಲ್ಲ. ಮೌಸಿನ ಮೇಲಿದ್ದ ತಂಗಿಯ ಕೈ ಮೇಲೆ ತನ್ನ ಕೈಯಿಟ್ಟು ಚುಕ್ಕೆಯನ್ನು ಸರಿಸಿ ಒತ್ತಿಯೇಬಿಟ್ಟಳು. ಉಳಿದಿದ್ದ ಅಂಕಿಗಳೂ ಅಳಿಸಿಹೋದವು. ಒಂದೊಂದಾಗಿ ಪೆಟ್ಟಿಗೆಗಳನ್ನು ಮುಚ್ಚಿ ಹೊರಗೆ ಬಂದು ಪುಟ ತೆರೆದರು. ಬಿಳಿ ಹಾಳೆ ಹೋಗಿ ಬಣ್ಣ ಬಂತು. ಮೇಲಿನಿಂದ ಕೆಳಗೆ ನಿಧಾನವಾಗಿ ಒಂದು ಹವಾಮಾನದ ಪುಟ ಇಳಿಯಿತು, ಯಾವುದೋ ದೂರದ ಊರಿನ ನಾಳೆಯ ಬಿಸಿಲಿನ ಲೆಕ್ಕ. ಇಬ್ಬರೂ ಅದನ್ನೇ ಮೊದಲಿನಿಂದ ಕೊನೆಯವರೆಗೆ ಓದಿದರು.

ಅಷ್ಟರಲ್ಲಿ ಭುಜದ ಮೇಲಿನ ಫೋನಿನಲ್ಲಿ ಸಂಗೀತ ನಿಂತು ಯಾರೋ ಗಂಡಸು ಮಾತಾಡಿದ. ಯಾಕಮ್ಮ ಸರಿಹೋಗಿದೆ ಎಂದಳು. "ಸರಿಹೋಗಿದ್ರೆ ಮತ್ತೆ ಯಾಕಮ್ಮ ಫೋನ್ ಮಾಡಿದ್ರಿ?" ಎಂದು ಅವನು ಕೇಳಿದ. ತನ್ನ ಹೆಸರು ಇವನಿಗೂ ಗೊತ್ತಾಯಿತೇ ಎಂದು ಅವಳು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ, ಯಾಕೆ ಸರಿಹೋಯಿತು ಅಂತ ಕೇಳುವುದಕ್ಕೆ ಎಂದಳು. ಇಂಥ ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲವೋ ಏನೋ, ಪುಣ್ಯಾತ್ಮ ಸಾವಧಾನವಾಗಿ ಹೇಳಿದ. ಇಂಟರ್ನೆಟ್ಟಿನಲ್ಲಿ ಎಲ್ಲದಕ್ಕೂ ಇರುವುದು ನಂಬರ್ ಮಾತ್ರ, ಹೆಸರು ನಮ್ಮ ಅನುಕೂಲಕ್ಕೆ. ನಾವು ಹೆಸರು ಬರೆದರೆ ಅದರ ನಂಬರ್ ಹುಡುಕಿಕೊಡುವ ಕಂಪ್ಯೂಟರ್ ಬೇರೆಲ್ಲೋ ಇರುತ್ತದೆ. ಕೆಳಗಿದ್ದದ್ದು ಹಳೇ ಆಫೀಸಿನ ಹುಡುಕುವವನ ವಿಳಾಸ. ಅಲ್ಲಿಗೆ ಹೋಗಿ ಕೇಳಿದರೆ ಯಾರು ಹೇಳುತ್ತಾರೆ? ಯಾಕಮ್ಮ ಅದನ್ನೆಲ್ಲ ಅಕ್ಕನಿಗೆ ತಿಳಿಸಲು ಹೊರಟಳು. ಊಟ, ಬಸ್ಸು, ಮಾಲೀಕ, ಇರುವ ಸನ್ನೆಗಳಲ್ಲಿ ಯಾವುದನ್ನು ಕೂಡಿಸಿದರೂ ಆ ಮಾತು ಕಟ್ಟಲಿಲ್ಲ. ಕೊನೆಗೆ 'ಸರಿಯಾಯಿತು' ಎಂದಷ್ಟೇ ಹೇಳಿ ಬಿಟ್ಟಳು. ಅಕ್ಕ ಅವಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು ಕೆಲಸಕ್ಕೆ ಹೊರಟಳು.

ಅವತ್ತೇ ಸಂಜೆ ಟಿಕೆಟ್ಟಿನ ಬೆನ್ನಿನ ವಿಳಾಸಕ್ಕೆ ಮೇಲ್ ಹೋಯಿತು. ಮರುದಿನ ಉತ್ತರ ಬಂತು. ಭಾನುವಾರ ಮಧ್ಯಾಹ್ನ.

ಭಾನುವಾರ ಅಕ್ಕ ಎದ್ದವಳೇ ಉಗುರುಗಳನ್ನು ಬಿಸಿನೀರಿನಲ್ಲಿ ನೆನೆಸಿ ಅಂಟೆಲ್ಲ ತೆಗೆದಳು. ಊಟದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸಿದಳು. ಹೇಳಿದ ಹೊತ್ತಿಗೆ ಕ್ಯಾಮೆರಾ ಹಚ್ಚಿದರೆ ಪರದೆಯ ಮೇಲೆ ಒಂದು ಚೌಕದಲ್ಲಿ ತಲೆ ನೆರೆತ, ಕನ್ನಡಕದ, ದಪ್ಪಗಿನ ಹೆಂಗಸು. ಯಾರೋ ಬೇರೆಯವರಿರಬೇಕು ಎಂದು ಯಾಕಮ್ಮನಿಗೆ ಅನ್ನಿಸಿತು. ಆ ಹೆಂಗಸು ನಕ್ಕಳು. ಕೆನ್ನೆಯಲ್ಲಿ ಗುಳಿ ಬಿತ್ತು. ಅಕ್ಕನ ಬಾಯಿಂದ ಯಾಕಮ್ಮ ಎಂದೂ ಕೇಳಿರದ ಸಣ್ಣ ದನಿಯೊಂದು ಹೊರಟಿತು.

ಮೊದಮೊದಲು ಮಾತು ಕುಂಟಿತು. ಚಿತ್ರ ಒಮ್ಮೊಮ್ಮೆ ನಿಂತುಬಿಡುತ್ತಿತ್ತು. ಅರ್ಧಕ್ಕೆ ಎತ್ತಿದ ಕೈ ಗಾಳಿಯಲ್ಲೇ ಉಳಿದು, ಮುಂದೆ ಕಂಡಾಗ ಮಡಿಲಲ್ಲಿರುತ್ತಿತ್ತು. ಗುಳಿಕೆನ್ನೆ ಎದೆಯ ಹತ್ತಿರ ಕೈಯಿಟ್ಟು ನಿಧಾನ ಎಂದಳು. ಬೆನ್ನ ಹಿಂದಿನ ಕಿಟಕಿ ತೋರಿಸಿ ಮುಚ್ಚು ಎಂದಳು, ಬೆಳಕು ಹಿಂದಿನಿಂದ ಬಂದರೆ ಮುಖ ಕಪ್ಪಾಗುತ್ತದೆ. ಹೂವಿನ ಬಟ್ಟೆ ಬೇಡ, ಕೈ ಎದ್ದು ಕಾಣುವ ಒಂದೇ ಬಣ್ಣದ್ದು ಹಾಕಿಕೋ ಎಂದಳು. ಅಕ್ಕ ಎದ್ದುಹೋಗಿ ಕಡುನೀಲಿ ಬಟ್ಟೆ ತೊಟ್ಟು ಬಂದಳು. ಯಾಕಮ್ಮ ಮೇಜಿನ ದೀಪವನ್ನು ತಂದು ಅಕ್ಕನ ಮುಖಕ್ಕೆ ಹಿಡಿದಳು.

ಆಮೇಲೆ ಅಕ್ಕನ ಕೈಗಳಿಗೆ ಏನಾಯಿತೋ. ಎಲ್ಲೋ ಮರೆತಿದ್ದ ಸನ್ನೆಯೊಂದು ಬಂತು, ಅದರ ಹಿಂದೆ ಇನ್ನೊಂದು, ಕೊನೆಗೆ ಹಿಂಡುಹಿಂಡಾಗಿ ಬಂದವು. ಹುಬ್ಬು ಮಾತಾಡಿತು, ಹೆಗಲು ಮಾತಾಡಿತು. ಬೆರಳುಗಳು ಎಷ್ಟು ಚುರುಕಾದವೆಂದರೆ ದೀಪ ಹಿಡಿದು ನಿಂತಿದ್ದ ಯಾಕಮ್ಮನಿಗೆ ಒಂದು ಮಾತೂ ಹಿಡಿಯಲು ಸಿಗಲಿಲ್ಲ. ಅಕ್ಕ ನಗುತ್ತಿದ್ದಳು. ಯಾರದೋ ನಡಿಗೆಯನ್ನು ಅಣಕಿಸಿದಳು. ಏನೋ ವಾದಿಸಿದಳು, ಗುಳಿಕೆನ್ನೆ ಒಪ್ಪದಿದ್ದಾಗ ಮತ್ತೆ ಬಿಡಿಸಿ ಹೇಳಿ ಒಪ್ಪಿಸಿದಳು. ಮನೆಯಲ್ಲಿ ನಾಲ್ಕು ಸನ್ನೆಗಿಂತ ಉದ್ದ ಮಾತಾಡದ ಅಕ್ಕ ಮಾತುಗಾರ್ತಿ.

ನಡುವೆ ಒಮ್ಮೆ ಗುಳಿಕೆನ್ನೆ ಯಾಕಮ್ಮನ ಕಡೆ ನೋಡಿ, ಮುಂಗೈಯಿಂದ ಮೂಗಿನ ಕೆಳಗೆ ಒರೆಸಿಕೊಂಡು ನಕ್ಕಳು. ಅಕ್ಕನೂ ನಕ್ಕಳು. ಏನೆಂದು ಕೇಳಿದರೆ ಅಕ್ಕ ಕಾಗದದ ಮೇಲೆ ಬರೆದು ತೋರಿಸಿದಳು: ಅದು ನಿನ್ನ ಹೆಸರು. ಹಾಸ್ಟೆಲಿನಲ್ಲಿ ಅಕ್ಕ ಮನೆಯ ಸುದ್ದಿ ಹೇಳುವಾಗಲೆಲ್ಲ ಸದಾ ಸುರಿಯುವ ಮೂಗಿನ ತಂಗಿಗೆ ಇಟ್ಟ ಹೆಸರಂತೆ. ಆ ಕೋಣೆಯ ಹುಡುಗಿಯರಿಗೆಲ್ಲ ಅವಳು ಗೊತ್ತು. ತಾನು ಕಂಡೇ ಇರದ ಜನ ತನ್ನನ್ನು ಇಷ್ಟು ವರ್ಷ ಒಂದು ಹೆಸರಿನಿಂದ ಕರೆಯುತ್ತ ಬಂದಿದ್ದಾರೆ ಎಂದು ತಿಳಿದಾಗ ಯಾಕಮ್ಮ ತಾನೂ ಒಮ್ಮೆ ಮುಂಗೈಯಿಂದ ಮೂಗಿನ ಕೆಳಗೆ ಒರೆಸಿಕೊಂಡು ನಕ್ಕಳು.

ಕಂಪ್ಯೂಟರ್ ಆರಿಸಿದ ಮೇಲೆ ಮನೆ ತುಂಬ ಸ್ತಬ್ಧವಾದಂತೆ ಅವಳಿಗೆ ತೋರಿತು. ಆ ಮನೆಯಲ್ಲಿ ಎಂದೂ ಸದ್ದಿದ್ದಿಲ್ಲ, ಆದರೂ. ಚಹಾ ಲೋಟ ಅಕ್ಕನ ಮುಂದಿಟ್ಟು ಎದುರಿಗೆ ಕೂತಳು. ಅವಳಿಗೆ ಕೇಳಬೇಕಾಗಿದ್ದ ಪ್ರಶ್ನೆ ಕೈಗೆ ಬರಲಿಲ್ಲ. ಕಂಪ್ಯೂಟರ್ ತೋರಿಸಿದಳು, ಅಕ್ಕನ ಕೈಗಳನ್ನು ತೋರಿಸಿದಳು, ತನ್ನನ್ನು ತೋರಿಸಿಕೊಂಡು ಇಲ್ಲ ಎಂಬಂತೆ ತಲೆಯಾಡಿಸಿದಳು. ನನ್ನ ಹತ್ತಿರ ಯಾಕೆ ಹಾಗೆ ಮಾತಾಡಲಿಲ್ಲ?

ಅಕ್ಕನಿಗೆ ಅರ್ಥವಾಯಿತು. ಅವಳು ಸ್ವಲ್ಪ ಸನ್ನೆಯಲ್ಲೂ ಸ್ವಲ್ಪ ಬರಹದಲ್ಲೂ ಉತ್ತರ ಕೊಟ್ಟಳು. ಶಾಲೆಯಲ್ಲಿ ತರಗತಿಯೊಳಗೆ ಕೈಮಾತು ಆಡುವಂತಿರಲಿಲ್ಲ. ತುಟಿ ನೋಡಿ ಕಲಿಯಬೇಕು ಎಂದು ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕೂರಿಸುತ್ತಿದ್ದರು. ಕೈಮಾತು ಇದ್ದದ್ದು ಹಾಸ್ಟೆಲಿನಲ್ಲಿ, ದೊಡ್ಡ ಹುಡುಗಿಯರು ಚಿಕ್ಕವರಿಗೆ ಕಲಿಸುತ್ತಿದ್ದರು. ಮನೆಗೆ ಬಂದ ಹೊಸದರಲ್ಲಿ ಅದನ್ನೇ ಆಡಿದಳು. ನಾಲ್ಕು ಜನರೆದುರು ಕೈ ಬೀಸಬೇಡ ಎಂದು ಅಮ್ಮ ಮಲಗಿದ್ದಲ್ಲಿಂದಲೇ ಕೈ ಹಿಡಿದು ಕೆಳಗಿಳಿಸುತ್ತಿದ್ದಳು. ತಂಗಿಗೆ ಆ ಮಾತು ಗೊತ್ತಿರಲಿಲ್ಲ, ಮನೆಯ ಸನ್ನೆಗಳು ಗೊತ್ತಿದ್ದವು. ಅಷ್ಟು ಸಾಕಾಯಿತು. ಆಮೇಲೆ ಅಭ್ಯಾಸವಾಯಿತು. ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕಿದವಳು, ಮತ್ತೆ ತೆಗೆದು ಕೊನೆಗೊಂದು ಸಾಲು ಸೇರಿಸಿದಳು: ನಿನ್ನ ಮೇಲೆ ಸಿಟ್ಟಿಲ್ಲ, ಚಹಾ ಆರುತ್ತಿದೆ.

ಯಾಕಮ್ಮ ಚಹಾ ಕುಡಿದಳು. ಲೋಟ ಕೆಳಗಿಟ್ಟು, ಅಕ್ಕನ ಮುಂದೆ ಎರಡು ಅಂಗೈಗಳನ್ನೂ ಚಾಚಿ ಕೂತಳು. ಕಲಿಸು ಎಂದು.

ಕಲಿಯುವುದು ಸುಲಭವಾಗಿರಲಿಲ್ಲ. ಟಿಕೆಟ್ ಹರಿದು ಹರಿದು ಅವಳ ಬೆರಳುಗಳು ಪೆಡಸಾಗಿದ್ದವು. ಒಂದೇ ಆಕಾರದ ಕೈಯನ್ನು ಕೆನ್ನೆಯ ಹತ್ತಿರ ಹಿಡಿದರೆ ಒಂದರ್ಥ, ಹೆಗಲ ಹತ್ತಿರ ಹಿಡಿದರೆ ಇನ್ನೊಂದು. ಹುಬ್ಬು ಏರಿಸುವುದನ್ನು ಮರೆತರೆ ಪ್ರಶ್ನೆ ಪ್ರಶ್ನೆಯಾಗುವುದಿಲ್ಲ ಎಂದು ತಿಳಿದಾಗ ಅವಳಿಗೆ ಭಾರಿ ಸೋಜಿಗವಾಯಿತು. ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಅಕ್ಕನನ್ನು ಬಿಟ್ಟೂಬಿಡದೆ ಕಾಡಿದಳು. ಅಕ್ಕನಿಗೆ ಗೊತ್ತಿಲ್ಲದಿದ್ದರೆ ಭಾನುವಾರ ಗುಳಿಕೆನ್ನೆಯ ಪಾಳಿ. ಬಸ್ಸಿನಲ್ಲಿ ಸೀಟಿಲ್ಲದ ಜನರ ನಡುವೆ ನುಸುಳುವಾಗಲೂ ಅವಳ ಎಡಗೈ ತನ್ನಷ್ಟಕ್ಕೆ ಏನೋ ಗೊಣಗುತ್ತಿರುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ಕಂಡು, ಯಾಕಮ್ಮನಿಗೆ ಕೈನೋವೇನೋ ಎಂದು ಡಿಪೋದಲ್ಲಿ ವಿಚಾರಿಸಿದ್ದ.

ಇತ್ತ ಸುದ್ದಿ ಹಬ್ಬಿತು. ಊರಿನಲ್ಲಿ ಕಿವಿ ಕೇಳದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಟಿಕೆಟ್ಟಿನ ಬೆನ್ನಿನ ಮೇಲೆ ಬರೆದುಕೊಟ್ಟ ಆ ದಂಪತಿ ಒಂದು ಭಾನುವಾರ ಬಂದರು, ಅವರ ಹಿಂದೆ ಒಬ್ಬ ಟೈಲರ್, ಆಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರು. ಕೆಲವರು ತಮ್ಮ ಮನೆಗೂ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರು. ಹಾಕಿಸಿಕೊಂಡು ಅಲ್ಲೇ ಸಿಕ್ಕಿಬಿದ್ದರು. ಏನಾದರೂ ಕೆಟ್ಟರೆ ಸಹಾಯವಾಣಿಗೆ ಫೋನ್ ಮಾಡಿ ಎನ್ನುತ್ತಿತ್ತು ಮೋಡೆಮಿನ ಡಬ್ಬದ ಮೇಲಿನ ಬರಹ. ಕಿವಿ ಕೇಳದವರು ಯಾವ ಫೋನಿಗೆ ಕಿವಿಗೊಡಬೇಕು?

ಹೀಗಾಗಿ ಅಕ್ಕನಿಗೆ ಹೊಸ ಕೆಲಸವೊಂದು ಅಂಟಿಕೊಂಡಿತು. ಭಾನುವಾರ ಬೆಳಿಗ್ಗೆ ಯಾರದಾದರೂ ಮನೆಗೆ ಹೋಗುವಳು. ಪೆಟ್ಟಿಗೆಯೊಳಗಿನ ಪೆಟ್ಟಿಗೆ ತೆರೆದು, ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ನೋಡಿ ಸರಿಮಾಡುವಳು. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವಳು. ಒಂದೊಂದು ಕಡೆ ಒಂದೊಂದು ತರಲೆ. ಒಂದು ಮನೆಯಲ್ಲಿ ನೀಲಿ ಕೇಬಲನ್ನು ಇಲಿ ಕಡಿದಿತ್ತು. ಇನ್ನೊಂದರಲ್ಲಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನೇ ಯಾರೋ 'ಡಿಸೇಬಲ್' ಮಾಡಿಟ್ಟಿದ್ದರು. ಲೈನಿನದೇ ತೊಂದರೆಯಾದರೆ ಯಾಕಮ್ಮನನ್ನು ಕರೆದುಕೊಂಡು ಹೋಗುವಳು. ಯಾಕಮ್ಮ ಫೋನ್ ಹಿಡಿದು, ಆ ಕಡೆಯ ಮಾತನ್ನು ಅಕ್ಕನ ಕೈಗೆ, ಅಕ್ಕನ ಕೈಯ ಮಾತನ್ನು ಆ ಕಡೆಯ ಕಿವಿಗೆ ಒಪ್ಪಿಸುವಳು. ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ಈಗ ಮೊಟಕುಗೊಳಿಸಿದರೆ ಅಕ್ಕ ಬಿಡುತ್ತಿರಲಿಲ್ಲ. ಪೂರ್ತಿ ಹೇಳು ಎಂದು ಮೊಣಕೈಯಿಂದ ತಿವಿಯುತ್ತಿದ್ದಳು. ಒಮ್ಮೆ ಸಹಾಯವಾಣಿಯವನು, ಸೆಟ್ಟಿಂಗ್ ಮಾಡ್ತಿರೋರಿಗೇ ಫೋನ್ ಕೊಡಿ ಎಂದ. "ಅವರು ಕೈಯಲ್ಲಿ ಮಾತಾಡೋರು. ನೀವು ಹೇಳಿ, ನಾನು ಹೇಳ್ತೀನಿ," ಎಂದಳು ಯಾಕಮ್ಮ.

ಎಲ್ಲರ ಮನೆಗೂ ತಂತಿ ಬಂದ ಮೇಲೆ ಭಾನುವಾರ ಜನ ಬರುವುದು ನಿಲ್ಲಬಹುದು ಎಂದು ಯಾಕಮ್ಮ ಅಂದುಕೊಂಡಿದ್ದಳು. ನಿಲ್ಲಲಿಲ್ಲ. ಕ್ಯಾಮೆರಾದಲ್ಲಿ ಮಾತಾಡಿದಷ್ಟೂ ಎದುರುಬದುರು ಕೂತು ಮಾತಾಡುವ ಆಸೆ ಅವರಿಗೆ ಹೆಚ್ಚುತ್ತಿತ್ತು. ಮಧ್ಯಾಹ್ನ ಮುಂದಿನ ಕೋಣೆಯ ಬೆಂಚು, ಕುರ್ಚಿ, ಮಂಚದ ಅಂಚು ಎಲ್ಲ ತುಂಬುತ್ತಿತ್ತು. ಯಾಕಮ್ಮ ಚಹಾ ತಂದಿಡುತ್ತ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಮಾತು ಈಗ ಅಲ್ಪಸ್ವಲ್ಪ ಹಿಡಿಯುತ್ತಿತ್ತು. ತಮಾಷೆ ಮಾತ್ರ ದಕ್ಕುತ್ತಿರಲಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಕ್ಕನನ್ನು ಕೇಳಿ, ಬಿಡಿಸಿಕೊಂಡು, ಒಬ್ಬಳೇ ನಗಬೇಕಾಗುತ್ತಿತ್ತು.

ಒಂದು ಭಾನುವಾರ ಟೈಲರ್ ತನ್ನ ಮನೆಯ ಪಾಡು ಹೇಳುತ್ತಿದ್ದ. ವಾರವಿಡೀ ಇಂಟರ್ನೆಟ್ ಇರಲಿಲ್ಲವಂತೆ. ಏನು ಮಾಡಿದೆ ಎಂದು ಯಾರೋ ಕೇಳಿದರು. ಅಕ್ಕ ಹೇಳಿಕೊಟ್ಟ ಹಾಗೆಯೇ ಮಾಡಿದೆ ಎಂದ ಅವನು. ಮೊದಲು ಮೋಡೆಮ್ ಆರಿಸಿದೆ, ಸ್ವಲ್ಪ ಹೊತ್ತು ಹಾಗೇ ಬಿಟ್ಟೆ, ಮತ್ತೆ ಹಚ್ಚಿದೆ, ಈಗ ತಣ್ಣಗಿದೆ. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಆದರೆ ಮೋಡೆಮ್ ಎನ್ನುವಾಗ ಹೆಗಲ ಹತ್ತಿರ ಹಿಡಿಯಬೇಕಾದ ಕೈಯನ್ನು ಅವನು ಕೆನ್ನೆಯ ಹತ್ತಿರ ಹಿಡಿದಿದ್ದ. ಆ ಗುಂಪಿನ ಕೈಮಾತಿನಲ್ಲಿ ಅದರರ್ಥ ಅತ್ತೆ, ಹೆಂಡತಿಯ ತಾಯಿ.

ಬಾಗಿಲ ಬಳಿ ಚಹಾ ತಟ್ಟೆ ಹಿಡಿದು ನಿಂತಿದ್ದ ಯಾಕಮ್ಮ ನಕ್ಕಳು. ಕೋಣೆಯಲ್ಲಿ ಎಲ್ಲರೂ ನಕ್ಕ ಅದೇ ಹೊತ್ತಿಗೆ, ಲೋಟಗಳು ತಟ್ಟೆಯಲ್ಲಿ ಒಂದಕ್ಕೊಂದು ತಾಗುವಷ್ಟು. ಅಕ್ಕ ತಿರುಗಿ ಅವಳನ್ನು ನೋಡಿದಳು. ಬೆಂಚಿನ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.